ಬೇಡರ ಕಣ್ಣಪ್ಪನಿಂದ ಆದಿ ಶಂಕರಾಚಾರ್ಯರವರೆಗೆ: ಜಿ.ವಿ. ಅಯ್ಯರ್ ಬಿಟ್ಟುಹೋದ ನೆಲ

ಜಿ.ವಿ. ಅಯ್ಯರ್ ಅವರ ಸಿನಿಮಾ ಬದುಕನ್ನು ನಮ್ಮಲ್ಲಿ ಏರುಮುಖದ ಕಥೆಯಾಗಿಯೇ ಹೇಳುತ್ತ ಬಂದಿದ್ದಾರೆ. ಗುಬ್ಬಿ ಕಂಪನಿಯ ಹುಡುಗ, ಕನ್ನಡ ಚಿತ್ರಗಳ ಬರಹಗಾರ, ನಟ, ನಿರ್ಮಾಪಕ, ಕೊನೆಗೆ ರಾಷ್ಟ್ರಪ್ರಶಸ್ತಿಯ ನಿರ್ದೇಶಕ. ಈ ಕಥೆಯನ್ನು ದಲಿತ ಕೇರಿಯ ಕಡೆಯಿಂದ ಓದಿದರೆ ಅದು ಇಳಿಮುಖವಾಗಿ ಕಾಣುತ್ತದೆ ಎಂಬುದು ನನ್ನ ತಕರಾರು. 2003ರಲ್ಲಿ ತೀರಿಕೊಂಡ ಹಿರಿಯರೊಬ್ಬರನ್ನು ಹಳಿಯುವುದು ಇದರ ಉದ್ದೇಶವಲ್ಲ. ಒಬ್ಬ ಶಕ್ತ ನಿರ್ದೇಶಕನ ಸೃಜನಶೀಲತೆ ಎಲ್ಲಿ ಬತ್ತಿತು, ಯಾಕೆ ಬತ್ತಿತು ಎಂದು ಕೇಳಿಕೊಳ್ಳುವುದು ನಮ್ಮ ಕಾಲದ ಅಗತ್ಯ ಅಂತ ನನಗನ್ನಿಸುತ್ತದೆ.

ನಾನು ಪಾಠ ಮಾಡುವ ತುಮಕೂರಿನಿಂದ ಗುಬ್ಬಿ ಬಸ್ಸಿನಲ್ಲಿ ಹತ್ತಿರದ ದಾರಿ. 1884ರಲ್ಲಿ ಚನ್ನಬಸವೇಶ್ವರನ ಹೆಸರಿನಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ದೊಡ್ಡ ಕಂಪನಿಯಾಯಿತು. ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದ ಅಯ್ಯರ್ ಎಳೆಯ ವಯಸ್ಸಿನಲ್ಲೇ ಈ ಕಂಪನಿ ಸೇರಿದರು. ಅವರು ಕಲಿತದ್ದು ಅಲ್ಲೇ. ಎಲ್ಲ ಜಾತಿಯ ಜನಕ್ಕೂ ಅರ್ಥವಾಗುವ ಹಾಗೆ ಕಥೆ ಹೇಳುವ ಕಸುಬು ಅದು.

1954ರಲ್ಲಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್‌ನ ‘ಬೇಡರ ಕಣ್ಣಪ್ಪ’ ಬಂತು. ನಿರ್ದೇಶನ ಎಚ್.ಎಲ್.ಎನ್. ಸಿಂಹ ಅವರದು, ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ. ಬರೆದವರು ಅಯ್ಯರ್. ಬೇಡನೊಬ್ಬ ನಾಯಕನಾದ, ಗುಡಿಯ ಪೂಜಾರಿ ಖಳನಾದ. ಆ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ. ಆದರೆ ಚಿತ್ರದಲ್ಲಿ ದಿಣ್ಣ ಮತ್ತು ನೀಲ ಹುಟ್ಟಾ ಬೇಡರಲ್ಲ. ಶಾಪ ಹೊತ್ತು ಬೇಡರ ಕುಲಕ್ಕೆ ಬಿದ್ದ ದೇವಲೋಕದವರು. ಕುಣಿಗಲ್ ಕಡೆಯ ನಮ್ಮೂರಿನಲ್ಲಿ ನಮ್ಮ ತಾತ ಈ ಚಿತ್ರವನ್ನು ಟೆಂಟಿನಲ್ಲಿ ನೆಲದ ಮೇಲೆ ಕೂತು ನೋಡಿದ್ದರು. ಕಣ್ಣು ಕೀಳುವ ದೃಶ್ಯಕ್ಕೆ ಅತ್ತಿದ್ದನ್ನು ಮುಚ್ಚಿಡುತ್ತಿರಲಿಲ್ಲ. ಆದರೂ ಒಂದು ಮಾತು ಹೇಳೋರು: ‘ಏನ್ಲಾ ಮಗ, ಮೊದ್ಲು ಬ್ಯಾಡ ಅಂದ್ರು, ಆಮ್ಯಾಲೆ ದ್ಯಾವ್ಲೋಕ್ದೋನು ಅಂದ್ರು. ಬರೀ ಬ್ಯಾಡಂಗೆ ಅಂಥ ಬಕ್ತಿ ಬರಾಕಿಲ್ವಾ?’ ಅಕ್ಷರ ಕಲಿಯದ ತಾತನ ಈ ಪ್ರಶ್ನೆಯೇ ನನಗೆ ವಿಮರ್ಶೆಯ ಮೊದಲ ಪಾಠ.

ಎಂಟು ವರ್ಷದ ನಂತರ ಅಯ್ಯರ್ ತಾವೇ ನಿರ್ದೇಶಿಸಿದ ‘ಭೂದಾನ’ (1962) ಈ ಪ್ರಶ್ನೆಗೆ ಉತ್ತರದ ಹಾದಿ ಹಿಡಿದಿತ್ತು. ವಿನೋಬಾ ಭಾವೆಯವರ ಚಳವಳಿ ಶುರುವಾದದ್ದು 1951ರ ಏಪ್ರಿಲ್‌ನಲ್ಲಿ, ತೆಲಂಗಾಣದ ಪೋಚಂಪಲ್ಲಿಯಲ್ಲಿ. ಅಲ್ಲಿನ ಹರಿಜನ ಕುಟುಂಬಗಳು ಎಂಬತ್ತು ಎಕರೆ ಕೇಳಿದವು. ರಾಮಚಂದ್ರ ರೆಡ್ಡಿ ನೂರು ಎಕರೆ ಕೊಡುತ್ತೇನೆಂದರು. ದಾನದ ಹೊಗಳಿಕೆಯಲ್ಲಿ ನಾವು ಮರೆಯುವುದು ಇದನ್ನೇ: ಮೊದಲು ಬಾಯಿಬಿಟ್ಟು ಕೇಳಿದವರು ದಲಿತರು. ಅಯ್ಯರ್ ತಮ್ಮ ಮೊದಲ ನಿರ್ದೇಶನಕ್ಕೆ ಆರಿಸಿಕೊಂಡದ್ದು ಈ ಭೂಮಿಯ ಪ್ರಶ್ನೆಯನ್ನು. ರಾಜ್‌ಕುಮಾರ್ ಮುದಿ ತಂದೆ. ಉದಯಕುಮಾರ್, ಕಲ್ಯಾಣಕುಮಾರ್ ಮಕ್ಕಳು. ಕಾರಂತರ ‘ಚೋಮನ ದುಡಿ’ಯ (1933) ನೆರಳು ಅದರ ಮೇಲಿದೆ ಎನ್ನುವವರಿದ್ದಾರೆ. ವಿನೋಬಾ ಮಾರ್ಗದ ಬಗ್ಗೆ ನಮಗೆ ಭಿನ್ನಾಭಿಪ್ರಾಯ ಇರಬಹುದು. ಉಳ್ಳವರ ಮನಸ್ಸು ಕರಗಲಿ ಎಂದು ಕಾಯುವ ರಾಜಕಾರಣ ಅದು. ಆದರೂ ಕನ್ನಡದ ಮೂವರು ದೊಡ್ಡ ನಾಯಕರನ್ನು ಒಬ್ಬ ಹೊಸ ನಿರ್ದೇಶಕ ಭೂಮಿಯ ಕಥೆಗೆ ತಂದು ನಿಲ್ಲಿಸಿದ್ದು ದೊಡ್ಡ ಭರವಸೆಯಾಗಿತ್ತು.

ಆ ಭರವಸೆ ಮುಂದುವರಿಯಲಿಲ್ಲ. ಅರವತ್ತರ ದಶಕ ‘ಕಿಲಾಡಿ ರಂಗ’, ‘ಮೈಸೂರು ಟಾಂಗಾ’ಗಳಲ್ಲಿ ಕಳೆಯಿತು. 1971ರಲ್ಲಿ ‘ವಂಶವೃಕ್ಷ’ದ ನಿರ್ಮಾಪಕರಾಗಿ ಹೊಸ ಅಲೆಗೆ ಬಂದರು. ‘ಸಂಸ್ಕಾರ’, ‘ವಂಶವೃಕ್ಷ’, ‘ಘಟಶ್ರಾದ್ಧ’ಗಳ ಆ ಅಲೆ ಮುಖ್ಯವಾಗಿ ಅಗ್ರಹಾರದ ಒಳಜಗಳ. ಅದಕ್ಕೂ ಬೆಲೆಯಿದೆ. ಆದರೆ ಹೊರಗಿನ ಕರ್ನಾಟಕ ಬೇರೆಯೇ ಆಗುತ್ತಿತ್ತು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಭಾಷಣ, 1974ರಲ್ಲಿ ಅರಸು ಅವರ ಭೂಸುಧಾರಣೆ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’. ಅದೇ ವರ್ಷ ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ತೆರೆಗೆ ತಂದರು. ಅದೇ ವರ್ಷ ಅಯ್ಯರ್ ಮಾಡಿದ್ದು ತ.ರಾ.ಸು. ಕಾದಂಬರಿಯ ‘ಹಂಸಗೀತೆ’, ಶಾಸ್ತ್ರೀಯ ಸಂಗೀತಗಾರನೊಬ್ಬನ ಕಥೆ. ಅದು ಚೆಂದದ ಸಿನಿಮಾ, ಒಪ್ಪುತ್ತೇನೆ. ಆದರೆ ಭೂಮಿಯ ಪ್ರಶ್ನೆ ಬೀದಿಗೆ ಬಂದ ಹೊತ್ತಿನಲ್ಲಿ ‘ಭೂದಾನ’ದ ನಿರ್ದೇಶಕ ಅಲ್ಲಿರಲಿಲ್ಲ.

ಮುಂದಿನ ತಿರುವು ಇನ್ನೂ ಮಾತಾಡುತ್ತದೆ. 1982ರಲ್ಲಿ ಗೋಕಾಕ್ ಚಳವಳಿ ಎದ್ದದ್ದು ಶಾಲೆಯಲ್ಲಿ ಸಂಸ್ಕೃತಕ್ಕಿದ್ದ ಸ್ಥಾನದ ವಿರುದ್ಧ, ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು. ಅದರ ಮುಂದಾಳಾಗಿ ಬಂದವರು ‘ಭೂದಾನ’ದ ಆ ಮುದಿ ತಂದೆ, ರಾಜ್‌ಕುಮಾರ್. ಮರುವರ್ಷವೇ ಅಯ್ಯರ್ ದೇಶದ ಮೊದಲ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ ಕೊಟ್ಟರು. ಹಣ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ್ದು. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಮಧ್ವಾಚಾರ್ಯ (1986), ರಾಮಾನುಜಾಚಾರ್ಯ (1989), ಮತ್ತೆ ಸಂಸ್ಕೃತದಲ್ಲಿ ‘ಭಗವದ್ಗೀತೆ’ (1993), ಮತ್ತೊಮ್ಮೆ ರಾಷ್ಟ್ರಪ್ರಶಸ್ತಿ. ಇತ್ತ 1984ರಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ಯನ್ನು ಕೇರಿಯ ಆಡುನುಡಿಯಲ್ಲಿ ಬರೆದರು. ಒಬ್ಬರದು ನಂಜನಗೂಡು, ಇನ್ನೊಬ್ಬರದು ಅದೇ ತಾಲ್ಲೂಕಿನ ದೇವನೂರು. ಯಾರ ಭಾಷೆ ಬೆಳೆಯಿತು, ಯಾರದು ಯಾರೂ ಆಡದ ನುಡಿಗೆ ಸರಿಯಿತು ಎಂಬುದನ್ನು ಓದುಗರೇ ತೂಗಲಿ.

ಕಾಶಿಯ ಬೀದಿಯಲ್ಲಿ ಶಂಕರರಿಗೆ ಎದುರಾದ ಚಂಡಾಲನ ಐತಿಹ್ಯ ನಿಮಗೆ ಗೊತ್ತು. ದಾರಿ ಬಿಡು ಎಂದರೆ ಆತ ತಿರುಗಿ ಪ್ರಶ್ನೆ ಕೇಳುತ್ತಾನೆ, ಆಚಾರ್ಯರು ಅಡ್ಡಬೀಳುತ್ತಾರೆ. ಪರಂಪರೆ ಹೇಳುವಂತೆ ಆತ ಚಂಡಾಲನಲ್ಲ, ಶಿವ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗಿಯೊಬ್ಬಳು ಎದ್ದು ನಿಂತಳು: ‘ಸಾರ್, ನಿಜವಾದ ಚಂಡಾಲ ಕೇಳಿದ್ರೆ ಏನ್ ಮಾಡ್ತಿದ್ರು?’ ನನಗೆ ತಾತ ನೆನಪಾದರು.

ಅಯ್ಯರ್ ಅವರ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವಿಲ್ಲ. ಗಾಂಧಿ ಹತ್ಯೆಯ ನಂತರ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಬಾಳಿದವರು ಅವರು. ಬಿಕ್ಕಟ್ಟು ಒಬ್ಬರದಲ್ಲ. ಕಂಪನಿ ನಾಟಕಕ್ಕೆ, ಟೆಂಟಿಗೆ ಊರ ಜನ ದುಡ್ಡು ಕೊಟ್ಟು ಬರಬೇಕಿತ್ತು. ನಮ್ಮ ತಾತನ ಪ್ರಶ್ನೆ ಅಲ್ಲಿ ಕೇಳಿಸುತ್ತಿತ್ತು. ನಿಗಮದ ಹಣ, ದೆಹಲಿಯ ತೀರ್ಪುಗಾರರು ಸಿಕ್ಕ ಮೇಲೆ ಆ ಪ್ರೇಕ್ಷಕ ಬೇಕಾಗಲಿಲ್ಲ. ಕ್ಯಾಮೆರಾದ ಹಿಂದೆ ನಮ್ಮವರೂ ಇರಲಿಲ್ಲ.

ನಮ್ಮಪ್ಪ ಇವತ್ತಿಗೂ ಕುಣಿಗಲ್ ಕಡೆ ಬೇರೆಯವರ ಹೊಲವನ್ನು ವಾರಕ್ಕೆ ಮಾಡುತ್ತಾರೆ. ‘ಭೂದಾನ’ ಎತ್ತಿದ ಪ್ರಶ್ನೆ ಅವರ ಮಟ್ಟಿಗೆ ಹಳೆಯದಾಗಿಲ್ಲ. ಅದನ್ನು ಅಯ್ಯರ್ ಬಿಟ್ಟ ಜಾಗದಿಂದ ಎತ್ತಿಕೊಳ್ಳುವ ಕೆಲಸ ನನ್ನ ತರಗತಿಯ ಆ ಹುಡುಗಿಯಂಥವರದು. ಅವಳ ಕೈಗೆ ಕ್ಯಾಮೆರಾ ಬರಬೇಕು. ಅವಳ ಬೇಡ ಬೇಡನಾಗಿಯೇ ತೆರೆಗೆ ಬರಬೇಕು.