ರಾಮನ್, ಮೃದಂಗ ಮತ್ತು ಒಂದು ಫ್ರೀ ಪಿಡಿಎಫ್

ರಾಜಾಜಿನಗರದಲ್ಲಿ ನಾನು ರೆಕಾರ್ಡ್ ಮಾಡೋ ರೂಮಿನ ಕೆಳಗಡೆ ಸಂಜೆ ಮೃದಂಗದ ಕ್ಲಾಸ್ ನಡೆಯುತ್ತೆ. ಅದರ ಸದ್ದು ನಿಮಗೂ ಪರಿಚಯ. ಅದನ್ನ ಕೇಳಿಯೇ ಇರಬೇಕು, ಒಬ್ಬರು ಮೆಸೇಜ್ ಮಾಡಿದ್ರು: "ಬ್ರೋ, ಸಿ.ವಿ. ರಾಮನ್ ಮೃದಂಗದ ಬಗ್ಗೆ ಬರೆದಿದ್ದಾರಂತೆ. ಕನ್ನಡ ಮಾಡಿ ಪೂರ್ತಿ ಓದಿಬಿಡಿ."

ಬರೆದಿರೋದು ನಿಜ. 1920ರಲ್ಲಿ ಶಿವಕಾಲಿ ಕುಮಾರ್ ಜೊತೆ ಸೇರಿ ಲಂಡನ್ನಿನ 'ನೇಚರ್' ಪತ್ರಿಕೆಗೆ ಒಂದು ಟಿಪ್ಪಣಿ. ಆಮೇಲೆ 1934ರಲ್ಲಿ ದೊಡ್ಡ ಲೇಖನ. ಸಾಮಾನ್ಯ ಡ್ರಮ್ಮಿನ ಸ್ವರಗಳು ಒಂದಕ್ಕೊಂದು ಹೊಂದೋದಿಲ್ಲ. ಮೃದಂಗದ ಬಲಗಡೆ ಮಧ್ಯೆ ಕಪ್ಪಗೆ ಕರಣೆ ಇರುತ್ತಲ್ಲ, ಆ ತೂಕದಿಂದ ಚರ್ಮದ ಮೊದಲ ಒಂಬತ್ತು ಕಂಪನಗಳು ಸೇರಿ ಐದೇ ಸ್ವರಗಳಾಗುತ್ತವೆ, ಅವೂ ತಂತಿವಾದ್ಯದ ಥರ ಶ್ರುತಿಬದ್ಧವಾಗಿ.

ಎರಡನೇ ಲೇಖನ ಬಂದಿದ್ದು ಎಲ್ಲಿ ಗೊತ್ತಾ? ನಮ್ಮ ಬೆಂಗಳೂರಿನ ಪತ್ರಿಕೆಯಲ್ಲೇ. ಭಾರತದ ವಿಜ್ಞಾನಕ್ಕೆ ಭಾರತದ್ದೇ ಒಳ್ಳೆ ಪತ್ರಿಕೆಗಳು ಬೇಕು ಅನ್ನೋದು ರಾಮನ್ ವಾದ. 1934ರ ಏಪ್ರಿಲ್ 24ರಂದು ಭಾರತೀಯ ವಿಜ್ಞಾನ ಅಕಾಡೆಮಿ ಸೊಸೈಟಿಯಾಗಿ ನೋಂದಣಿಯಾಯ್ತು, ಜುಲೈ 31ಕ್ಕೆ ಉದ್ಘಾಟನೆ. ಆ ತಿಂಗಳಿಂದಲೇ ಅದರ 'ಪ್ರೊಸೀಡಿಂಗ್ಸ್' ಶುರು. ಇಲ್ಲಿಂದ ಮಲ್ಲೇಶ್ವರ ದಾಟಿದ್ರೆ ಸದಾಶಿವನಗರ, ಅಕಾಡೆಮಿ ಇರೋದು ಅಲ್ಲೇ. ಹೊರದೇಶದ ಎಷ್ಟೋ ಪತ್ರಿಕೆಗಳು ಹಳೇ ಲೇಖನಕ್ಕೂ ಕಾರ್ಡ್ ನಂಬರ್ ಕೇಳ್ತವೆ. ಅಕಾಡೆಮಿ ತನ್ನ ಹಳೇ ಸಂಚಿಕೆಗಳನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಮೃದಂಗದ ಲೇಖನ ನನ್ನ ಫೋನಿಗೆ ಇಳಿದಿದ್ದು ಹಾಗೇ.

ಹಾಗಾದ್ರೆ ಪೂರ್ತಿ ಓದಿಬಿಡಬಹುದಾ? ಇಲ್ಲ. ಓದೋಕೆ ಉಚಿತ ಅಂದ ಮಾತ್ರಕ್ಕೆ ಹಕ್ಕು ನಮ್ಮದಾಗಲ್ಲ. ನಾನು ಬಿಕಾಂ ಓದಿದವನು, ಭೌತಶಾಸ್ತ್ರಕ್ಕಿಂತ ಈ ಲೆಕ್ಕ ನನಗೆ ಸಲೀಸು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ಟ್ಯಾಗೋರರ ಕೃತಿಗಳ ಹಕ್ಕು 1991ಕ್ಕೆ ಮುಗಿಯೋದ್ರಲ್ಲಿತ್ತು, ಆಗ 60 ಮಾಡಿದ್ರು. ರಾಮನ್ ತೀರಿಕೊಂಡಿದ್ದು 1970ರ ನವೆಂಬರ್ 21. ಅಂದ್ರೆ 2030 ಮುಗಿಯೋವರೆಗೂ ಹಕ್ಕು ಜೀವಂತ. ಅನುವಾದಕ್ಕೂ ಒಪ್ಪಿಗೆ ಬೇಕು. ಆದ್ರೆ ವಿಚಾರಕ್ಕೆ ಕಾಪಿರೈಟ್ ಇಲ್ಲ. ಅದನ್ನ ನನ್ನ ಮಾತಲ್ಲಿ ಹೇಳಬಹುದು, ಈಗಷ್ಟೇ ಹೇಳಿದೆನಲ್ಲ, ಹಾಗೆ.

ಹೋದ ವರ್ಷ ಒಂದು ಚಾನೆಲ್‌ನವರು ನನ್ನ ಎಪಿಸೋಡನ್ನ ಹೆಸರು ಕತ್ತರಿಸಿ ಹಾಕಿಕೊಂಡಿದ್ರು. ಮೂರು ವಾರದ ಕೆಲಸ ಅದು. ವ್ಯೂಸ್ ಹೋಗಿದ್ದಕ್ಕಿಂತ ಜಾಸ್ತಿ ಚುಚ್ಚಿದ್ದು, ನಾನು ಅಲ್ಲಿ ಇರಲೇ ಇಲ್ಲ ಅನ್ನೋ ಥರ ಆಗಿದ್ದು. ಅವತ್ತು ಒಂದು ವಿಷಯ ಅರ್ಥ ಆಯ್ತು: ಕಾನೂನಿಗೆ ಕೊನೇ ದಿನ ಇದೆ, ಮರ್ಯಾದೆಗೆ ಇಲ್ಲ. 2031ರ ಜನವರಿ 1ಕ್ಕೆ ರಾಮನ್ ಲೇಖನ ಯಾರು ಬೇಕಾದ್ರೂ ಓದಿ ಹಾಕಬಹುದು. ಆದ್ರೆ ಯಾರು ಬರೆದಿದ್ದು ಅಂತ ಹೇಳೋ ಜವಾಬ್ದಾರಿ ಅವತ್ತೂ ಇರುತ್ತೆ.

ಅದಕ್ಕೇ ಇನ್ನೊಂದು ಸಲ ಹೇಳ್ತೀನಿ: 1920ರ ಆ ಟಿಪ್ಪಣಿಯಲ್ಲಿ ಎರಡು ಹೆಸರಿದ್ವು. ರಾಮನ್ ಎಲ್ಲರಿಗೂ ಗೊತ್ತು. ಇನ್ನೊಬ್ಬರು ಶಿವಕಾಲಿ ಕುಮಾರ್. ಈ ಕಥೆ ಯಾರಿಗಾದ್ರೂ ಹೇಳೋದಾದ್ರೆ ಅವರ ಹೆಸರನ್ನೂ ಹೇಳಿ. ಮುಂದಿನ ವಾರ ಸಿಗೋಣ.