ನಾಯಿಮರಿ ಮಾರಾಟದ ಮರೆಯಲ್ಲಿರುವ ತಾಯಿನಾಯಿ: ಕಾನೂನು ಮತ್ತು ಕೊಳ್ಳುವವರ ಹೊಣೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ನಾಯಿಯೂ ಮನೆಮಂದಿಯಲ್ಲಿ ಒಂದಾಗಿದೆ. ಮಕ್ಕಳ ಹಟಕ್ಕೋ, ಮನೆಯಲ್ಲಿ ಒಂಟಿಯಾಗಿರುವ ಹಿರಿಯರ ಜೊತೆಗೆಂದೋ ಮರಿಯೊಂದನ್ನು ಕೊಂಡು ತರುವುದು ಸಾಮಾನ್ಯ. ಆದರೆ ಆ ಮರಿ ಎಲ್ಲಿ ಹುಟ್ಟಿತು, ಅದರ ತಾಯಿ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುವವರು ವಿರಳ. ‘ಪಪ್ಪಿ ಮಿಲ್’ ಎಂದು ಕರೆಯಲ್ಪಡುವ ದಂಧೆಯು ಬೆಳೆದಿರುವುದು ಈ ಮೌನದ ಆಶ್ರಯದಲ್ಲಿಯೇ. ಇದನ್ನು ನಡೆಸುವವರನ್ನು ಕಾನೂನಿನ ಮುಂದೆ ಉತ್ತರದಾಯಿಗಳನ್ನಾಗಿ ಮಾಡಲು ಸಾರ್ವಜನಿಕರಿಗೆ ಇರುವ ಮಾರ್ಗಗಳನ್ನು ಓದುಗರ ಅವಗಾಹನೆಗಾಗಿ ಇಲ್ಲಿ ಸಂಗ್ರಹಿಸಲಾಗಿದೆ.

ಪಪ್ಪಿ ಮಿಲ್ ಎಂದರೇನು?

ಲಾಭವೊಂದನ್ನೇ ಗುರಿಯಾಗಿಟ್ಟುಕೊಂಡು, ನಾಯಿಗಳ ಆರೋಗ್ಯವನ್ನು ಕಡೆಗಣಿಸಿ, ಯಂತ್ರದಿಂದ ಸರಕು ತೆಗೆದಂತೆ ಮರಿಗಳನ್ನು ಹುಟ್ಟಿಸಿ ಮಾರುವ ಸ್ಥಳವೇ ಪಪ್ಪಿ ಮಿಲ್. ಅದು ಊರಾಚೆಯ ಶೆಡ್ ಆಗಿರಬಹುದು, ವಸತಿ ಕಟ್ಟಡದ ಮುಚ್ಚಿದ ಕೋಣೆಯೂ ಆಗಿರಬಹುದು. ಹೆಣ್ಣುನಾಯಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ. ಗರ್ಭಾವಧಿ ಸುಮಾರು 63 ದಿನಗಳು. ವಿಶ್ರಾಂತಿ ನೀಡದೆ ಪ್ರತಿ ಬೆದೆಯಲ್ಲಿಯೂ ಗರ್ಭ ಧರಿಸುವಂತೆ ಮಾಡಿದರೆ ವರ್ಷಕ್ಕೆ ಎರಡು ಸೂಲು. ಹೀಗೆ ಕೆಲವೇ ವರ್ಷಗಳಲ್ಲಿ ತಾಯಿ ಬಳಲಿ ನಿರುಪಯುಕ್ತವಾದಾಗ ಅದನ್ನು ಬೀದಿಗೆ ಬಿಡುವುದೂ ಉಂಟು.

ಇದರ ಪರಿಣಾಮವು ಕೊಂಡವರ ಮನೆಗೂ ತಟ್ಟುತ್ತದೆ. ಬೇಗನೆ ಮಾರುವ ಆತುರದಲ್ಲಿ ಮರಿಗಳನ್ನು ಹಾಲು ಬಿಡುವ ಮೊದಲೇ ತಾಯಿಯಿಂದ ಅಗಲಿಸಲಾಗುತ್ತದೆ. ಅಂತಹ ಮರಿಗಳಲ್ಲಿ ರೋಗನಿರೋಧಕ ಶಕ್ತಿ ಕಡಿಮೆ; ಭಯ ಹಾಗೂ ಕಚ್ಚುವ ಸ್ವಭಾವ ಹೆಚ್ಚು. ಪಾರ್ವೋ ವೈರಾಣುವಿನ ಸೋಂಕು ತಗಲಿದ ಕೆಲವು ದಿನಗಳ ನಂತರವಷ್ಟೇ ವಾಂತಿಭೇದಿ ಕಾಣಿಸಿಕೊಳ್ಳುವುದರಿಂದ, ಕೊಳ್ಳುವಾಗ ಲವಲವಿಕೆಯಿಂದಿದ್ದ ಮರಿಯು ಒಂದೇ ವಾರದಲ್ಲಿ ಸಾವನ್ನಪ್ಪಬಹುದು.

ಬೇಡಿಕೆಯೂ ಈ ದಂಧೆಯನ್ನು ಪೋಷಿಸುತ್ತದೆ. 2003ರಲ್ಲಿ ಮೊಬೈಲ್ ಸೇವಾ ಸಂಸ್ಥೆಯೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡ ಪಗ್ ತಳಿಯ ನಾಯಿ ದೇಶಾದ್ಯಂತ ಮನೆಮಾತಾಯಿತು. ಮೂಗು ಚಪ್ಪಟೆಯಾಗಿರುವ ಈ ತಳಿಗೆ ಉಸಿರಾಟದ ತೊಂದರೆ ಹುಟ್ಟಿನಿಂದಲೇ ಬರುವುದು ಹೆಚ್ಚು. ಆದರೂ ಕೊಳ್ಳುವವರು ಇರುವವರೆಗೆ ಹುಟ್ಟಿಸುವವರೂ ಇರುತ್ತಾರೆ.

ತಳಿ ಸಂವರ್ಧನೆಯೇ ತಪ್ಪೆಂದು ಯಾರೂ ಹೇಳುತ್ತಿಲ್ಲ. ನಮ್ಮ ನಾಡಿನ ಹೆಮ್ಮೆಯ ಮುಧೋಳ ನಾಯಿಯ ತಳಿ ಉಳಿಸಲು ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ನಾಯಿಗಳ ಆರೈಕೆ ಮಾಡಿ, ದಾಖಲೆಯಿಟ್ಟು, ತಾಯಿಯನ್ನು ತೋರಿಸಿ ಮರಿ ಕೊಡುವ ಪ್ರಾಮಾಣಿಕ ಸಾಕಣೆದಾರರೂ ಇದ್ದಾರೆ. ಇವರನ್ನೂ ದಂಧೆಕೋರರನ್ನೂ ಬೇರ್ಪಡಿಸುವುದೇ ಕಾನೂನಿನ ಉದ್ದೇಶ.

ಕಾನೂನು ಏನು ಹೇಳುತ್ತದೆ?

ಪ್ರಸಿದ್ಧ ನೃತ್ಯ ಕಲಾವಿದೆ ಹಾಗೂ ರಾಜ್ಯಸಭಾ ಸದಸ್ಯೆಯಾಗಿದ್ದ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಪ್ರಾಣಿ ಹಿಂಸೆ ತಡೆ ಕಾಯಿದೆಯು 1960ರಲ್ಲಿ ಅಂಗೀಕಾರವಾಯಿತು. 2015ರ ಆಗಸ್ಟ್‌ನಲ್ಲಿ ಭಾರತೀಯ ಕಾನೂನು ಆಯೋಗವು ತನ್ನ 261ನೆಯ ವರದಿಯಲ್ಲಿ ಸಾಕುಪ್ರಾಣಿ ಅಂಗಡಿಗಳನ್ನೂ ನಾಯಿ ಸಾಕಣೆದಾರರನ್ನೂ ನಿಯಂತ್ರಿಸಬೇಕೆಂದು ಶಿಫಾರಸು ಮಾಡಿತು. ಅನಂತರ 2017ರ ಮೇ ತಿಂಗಳಿನಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳೂ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳ ನಿಯಮಗಳೂ ಬಂದವು. 2017ರ ನಿಯಮಗಳ ಮುಖ್ಯಾಂಶಗಳು ಇಂತಿವೆ:

* ಮರಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು.
* ಹೆಣ್ಣುನಾಯಿಗೆ 18 ತಿಂಗಳು ತುಂಬುವ ಮೊದಲು ಸೂಲು ಮಾಡಿಸಬಾರದು. ವರ್ಷಕ್ಕೆ ಒಂದೇ ಸೂಲು.
* ಎಂಟು ವಾರ ತುಂಬದ ಮರಿಯನ್ನು ಮಾರಬಾರದು.
* ಮಾರುವ ಮರಿಗೆ ಲಸಿಕೆ ಹಾಕಿಸಿರಬೇಕು, ಮೈಕ್ರೋಚಿಪ್ ಅಳವಡಿಸಿರಬೇಕು.
* ನಾಯಿಗಳ ಹಾಗೂ ಮಾರಾಟದ ದಾಖಲೆಗಳನ್ನು ಇಡಬೇಕು. ತಪಾಸಣೆಗೆ ಅವಕಾಶ ನೀಡಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆನಲ್ ಕ್ಲಬ್ ನೀಡುವ ವಂಶಾವಳಿ ಪತ್ರವನ್ನು ತೋರಿಸಿ ‘ಎಲ್ಲ ಕಾಗದಪತ್ರ ಸರಿಯಾಗಿದೆ’ ಎಂದು ಮಾರಾಟಗಾರರು ಹೇಳುವುದುಂಟು. ಆ ಪತ್ರವು ನಾಯಿಯ ತಳಿಯನ್ನು ಮಾತ್ರ ಹೇಳುತ್ತದೆ. ರಾಜ್ಯ ಮಂಡಳಿಯ ನೋಂದಣಿ ಪ್ರಮಾಣಪತ್ರವೇ ಬೇರೆ, ಕೇಳಬೇಕಾದುದು ಅದನ್ನು.

ದಂಡನೆಯ ದೌರ್ಬಲ್ಯ

ನಿಯಮಗಳು ಇಷ್ಟು ವಿವರವಾಗಿದ್ದರೂ ಅವುಗಳ ಬೆನ್ನಿಗಿರುವ ಶಿಕ್ಷೆ ಅತ್ಯಲ್ಪ. 1960ರ ಕಾಯಿದೆಯ 11ನೆಯ ಕಲಮಿನಲ್ಲಿ ಮೊದಲ ಅಪರಾಧಕ್ಕೆ ನಿಗದಿಯಾದ ದಂಡ 10ರಿಂದ 50 ರೂಪಾಯಿ. ನಿಯಮೋಲ್ಲಂಘನೆಗೆ 38ನೆಯ ಕಲಮಿನಡಿ 100 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಒಂದೊಂದು ಮರಿಗೆ ಸಾವಿರಾರು ರೂಪಾಯಿ ಎಣಿಸುವವರಿಗೆ ಈ ದಂಡವು ಲೆಕ್ಕಕ್ಕೇ ಬಾರದು. ಕಾಯಿದೆಗೆ ತಿದ್ದುಪಡಿ ತಂದು ಶಿಕ್ಷೆ ಹೆಚ್ಚಿಸುವ ಕರಡನ್ನು ಕೇಂದ್ರ ಸರ್ಕಾರವು 2022ರ ನವೆಂಬರ್‌ನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು.

ಹಾಗೆಂದು ಕಾನೂನು ನಿಷ್ಪ್ರಯೋಜಕವೆಂದು ಕೈಚೆಲ್ಲಬೇಕಾಗಿಲ್ಲ. ತಪ್ಪಿತಸ್ಥನಿಂದ ಪ್ರಾಣಿಯ ಒಡೆತನವನ್ನೇ ಕಸಿಯುವ ಅಧಿಕಾರವನ್ನು 29ನೆಯ ಕಲಮು ನ್ಯಾಯಾಲಯಕ್ಕೆ ಕೊಟ್ಟಿದೆ. ಪ್ರಾಣಿಯನ್ನು ಕೊಂದರೆ ಅಥವಾ ಅಂಗಹೀನಗೊಳಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಆದರೆ ದೂರು ದಾಖಲಾಗದೆ ಇವು ಯಾವುವೂ ಚಲಿಸುವುದಿಲ್ಲ.

ಜನಬೆಂಬಲದಿಂದ ಬಂದ ಒಂದು ಕಾನೂನು

ಈ ವಿಷಯದಲ್ಲಿ ಇಂಗ್ಲೆಂಡಿನ ಅನುಭವ ಗಮನಾರ್ಹ. 2013ರಲ್ಲಿ ವೇಲ್ಸ್ ಪ್ರಾಂತದ ಮರಿ ಹುಟ್ಟಿಸುವ ಕೇಂದ್ರವೊಂದರಿಂದ ‘ಲೂಸಿ’ ಎಂಬ ಸ್ಪ್ಯಾನಿಯಲ್ ಹೆಣ್ಣುನಾಯಿಯನ್ನು ರಕ್ಷಿಸಲಾಯಿತು. ಮೇಲಿಂದ ಮೇಲೆ ಸೂಲು ಮಾಡಿಸಿ, ಇಕ್ಕಟ್ಟಾದ ಗೂಡಿನಲ್ಲಿಟ್ಟಿದ್ದುದರಿಂದ ಅದರ ಬೆನ್ನು ಬಾಗಿಹೋಗಿತ್ತು. 2016ರಲ್ಲಿ ಲೂಸಿ ತೀರಿಕೊಂಡ ಮೇಲೆ ಪಶುವೈದ್ಯ ಮಾರ್ಕ್ ಅಬ್ರಹಾಂ ಮತ್ತು ಸಂಗಡಿಗರು ಅದರ ಹೆಸರಿನಲ್ಲಿಯೇ ಚಳವಳಿ ನಡೆಸಿದರು. ಒಂದು ಲಕ್ಷಕ್ಕೂ ಹೆಚ್ಚು ಜನ ಸಹಿ ಮಾಡಿದ ಮನವಿಯು 2018ರಲ್ಲಿ ಸಂಸತ್ತಿನಲ್ಲಿ ಚರ್ಚೆಗೆ ಬಂದಿತು. 2020ರ ಏಪ್ರಿಲ್ 6ರಿಂದ ಅಲ್ಲಿ ಆರು ತಿಂಗಳೊಳಗಿನ ಮರಿಗಳನ್ನು ಅಂಗಡಿಗಳೂ ದಲ್ಲಾಳಿಗಳೂ ಮಾರುವಂತಿಲ್ಲ. ಕೊಳ್ಳುವವರು ನೇರವಾಗಿ ಸಾಕಣೆದಾರರ ಬಳಿಗೆ ಹೋಗಿ, ಹುಟ್ಟಿದ ಸ್ಥಳದಲ್ಲಿಯೇ ಮರಿಯನ್ನು ತಾಯಿಯೊಡನೆ ನೋಡಬೇಕು. ಈ ಕಾನೂನಿನ ತಿರುಳು ಸರಳವಾದುದು: ತಾಯಿಯನ್ನು ತೋರಿಸಲೇಬೇಕಾದಾಗ ಅದನ್ನು ಹಿಂಸಿಸಿ ಅಡಗಿಸಿಡುವುದು ಕಷ್ಟವಾಗುತ್ತದೆ.

ನಾವು ಮಾಡಬಹುದಾದುದು

1. ಮರಿಯನ್ನು ಅದು ಹುಟ್ಟಿದ ಸ್ಥಳಕ್ಕೇ ಹೋಗಿ, ತಾಯಿಯೊಡನೆ ನೋಡಬೇಕು. ‘ರೈಲ್ವೆ ನಿಲ್ದಾಣಕ್ಕೆ ತಂದುಕೊಡುತ್ತೇವೆ’, ‘ತಾಯಿ ಬೇರೆ ಊರಿನಲ್ಲಿದೆ’ ಎನ್ನುವವರಿಂದ ಕೊಳ್ಳಬಾರದು.

2. ನೋಂದಣಿ ಪ್ರಮಾಣಪತ್ರ, ಮೈಕ್ರೋಚಿಪ್ ಸಂಖ್ಯೆ, ಪಶುವೈದ್ಯರು ಸಹಿ ಮಾಡಿದ ಲಸಿಕೆ ಪುಸ್ತಕ ಹಾಗೂ ಬಿಲ್ಲನ್ನು ಕೇಳಿ ಪಡೆಯಬೇಕು.

3. ಕನಿಕರದಿಂದ ರೋಗಿಷ್ಠ ಮರಿಯನ್ನು ಹಣ ಕೊಟ್ಟು ಬಿಡಿಸಿ ತರಬಾರದು. ಆ ಹಣವೇ ಮುಂದಿನ ಸೂಲಿಗೆ ಬಂಡವಾಳವಾಗುತ್ತದೆ. ಅದರ ಬದಲು ದೂರು ನೀಡುವುದು ಲೇಸು.

4. ದೂರನ್ನು ಲಿಖಿತವಾಗಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೂ, ಜಿಲ್ಲೆಯ ಪ್ರಾಣಿ ಹಿಂಸೆ ತಡೆ ಸಂಘಕ್ಕೂ, ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ದಿನಾಂಕ, ವಿಳಾಸ, ಜಾಹೀರಾತಿನ ಪ್ರತಿ ಮತ್ತು ಹಣ ಪಾವತಿಯ ದಾಖಲೆ ಜೊತೆಗಿರಲಿ. ಸಾಕ್ಷ್ಯಕ್ಕಾಗಿ ಅನುಮತಿಯಿಲ್ಲದೆ ಒಳನುಗ್ಗುವುದು ಸಲ್ಲದು.

5. ರೋಗಗ್ರಸ್ತ ಮರಿಯನ್ನು ಮಾರಿ ವಂಚಿಸಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ಬಿಲ್ಲು ಮತ್ತು ಪಶುವೈದ್ಯರ ವರದಿ ಇಲ್ಲಿ ಮುಖ್ಯ.

6. ನಮ್ಮ ನಗರದಲ್ಲಿ ನೋಂದಾಯಿತ ಸಾಕಣೆದಾರರು ಎಷ್ಟು, ತಪಾಸಣೆ ಎಷ್ಟು ಬಾರಿ ನಡೆದಿದೆ ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಕೊಡಬೇಕು. ಕಾಯಿದೆಯಡಿ ಅರ್ಜಿ ಸಲ್ಲಿಸಬೇಕಾದವರು ವ್ಯಕ್ತಿಗಳು; ಆದುದರಿಂದ ಸಂಘಗಳ ಸದಸ್ಯರು ತಮ್ಮ ಹೆಸರಿನಲ್ಲಿಯೇ ಅರ್ಜಿ ಹಾಕಿ, ದೊರೆತ ಉತ್ತರವನ್ನು ಎಲ್ಲರೊಡನೆ ಹಂಚಿಕೊಳ್ಳಬಹುದು.

7. ತಳಿಯ ಮೋಹವಿಲ್ಲದವರು ಆಶ್ರಯಧಾಮಗಳಿಂದ ನಾಯಿಯನ್ನು ದತ್ತು ಪಡೆಯಬಹುದು. 1959ರಲ್ಲಿ ಸ್ಥಾಪನೆಯಾದ ಚೆನ್ನೈನ ಬ್ಲೂ ಕ್ರಾಸ್, ಹೈದರಾಬಾದಿನ ಬ್ಲೂ ಕ್ರಾಸ್ ಮುಂತಾದ ಸಂಸ್ಥೆಗಳು ಈ ಕಾರ್ಯದಲ್ಲಿ ತೊಡಗಿವೆ.

ನಾಯಿಯನ್ನು ಗೌರವಿಸುವ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ವೀರಗಲ್ಲು ಕಾಡುಹಂದಿಯೊಡನೆ ಕಾದಾಡಿ ಮಡಿದ ‘ಕಾಳಿ’ ಎಂಬ ನಾಯಿಯ ಸ್ಮಾರಕವಾಗಿದೆ. ಮಣಲೆರನೆಂಬ ವೀರನು ತನ್ನ ಒಡೆಯನಿಂದ ಬಹುಮಾನವಾಗಿ ಬೇಡಿ ಪಡೆದ ನಾಯಿ ಅದು. ಕಲ್ಲನ್ನು ಇಂದಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಮರಿ ಕೊಳ್ಳಲು ಹೊರಟಿರುವ ಬಂಧುಮಿತ್ರರು ಮುಂಗಡ ಹಣ ಕೊಡುವ ಮೊದಲು ‘ತಾಯಿಯನ್ನು ತೋರಿಸಿ, ನೋಂದಣಿ ಪತ್ರ ತೋರಿಸಿ’ ಎಂದು ಕೇಳಬೇಕೆಂದೂ, ತೋರಿಸದವರ ವಿರುದ್ಧ ದೂರು ನೀಡಲು ಹಿಂಜರಿಯಬಾರದೆಂದೂ ಓದುಗರಲ್ಲಿ ವಿನಂತಿ.