ಗೃಹ ನಿಯಂತ್ರಣ ಫಲಕವಾಗಿ ಟ್ಯಾಬ್ಲೆಟ್

ಗೃಹ ನಿಯಂತ್ರಣ ಫಲಕವಾಗಿ ಟ್ಯಾಬ್ಲೆಟ್ ಎಂದರೆ ಕಡಿಮೆ ಬೆಲೆಯ ಅಥವಾ ಬಳಸಿ ಹಳೆಯದಾದ ಟ್ಯಾಬ್ಲೆಟ್ ಗಣಕವನ್ನು ಮನೆಯ ಗೋಡೆಗೆ ಅಳವಡಿಸಿ, ದೀಪ, ಫ್ಯಾನ್, ನೀರಿನ ಮೋಟಾರು, ಕ್ಯಾಮೆರಾ, ಬಾಗಿಲ ಗಂಟೆ ಮೊದಲಾದವುಗಳನ್ನು ಒಂದೇ ಪರದೆಯಿಂದ ನಿಯಂತ್ರಿಸುವ ವ್ಯವಸ್ಥೆ. ಇದಕ್ಕಾಗಿಯೇ ತಯಾರಾದ ಫಲಕಗಳು ಮಾರುಕಟ್ಟೆಯಲ್ಲಿ ದುಬಾರಿ. ಸಾಧಾರಣ ಆಂಡ್ರಾಯ್ಡ್ ಟ್ಯಾಬ್ಲೆಟ್ ಅದೇ ಕೆಲಸವನ್ನು ಅಲ್ಪ ವೆಚ್ಚದಲ್ಲಿ ಮಾಡಬಲ್ಲದು. ಆದರೆ ಟ್ಯಾಬ್ಲೆಟ್ ಕೈಯಲ್ಲಿ ಹಿಡಿದು ಬಳಸಲು ರೂಪಿಸಿದ ಸಾಧನವೇ ಹೊರತು ವರ್ಷವಿಡೀ ಗೋಡೆಯ ಮೇಲೆ ಉರಿಯುತ್ತಿರಲು ರೂಪಿಸಿದ್ದಲ್ಲ. ಈ ಪದ್ಧತಿಯ ಹೆಚ್ಚಿನ ತೊಡಕುಗಳಿಗೆ ಇದೇ ಮೂಲ.

ಹಿನ್ನೆಲೆ

ಅಗ್ಗದ ಕೈಗಣಕದ ಕಲ್ಪನೆಗೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೊಡನೆ ಸೇರಿ ಸಿಂಪ್ಯೂಟರ್ ಎಂಬ ಸ್ಪರ್ಶಪರದೆಯ ಕಿರುಗಣಕವನ್ನು ರೂಪಿಸಿದರು. ಲಿನಕ್ಸ್ ಆಧಾರಿತವಾದ ಈ ಗಣಕದ ಉದ್ದೇಶ ಗ್ರಾಮೀಣ ಜನರಿಗೆ ಅವರ ಭಾಷೆಯಲ್ಲಿಯೇ ಗಣಕವನ್ನು ಒದಗಿಸುವುದಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಪಿಕೋಪೇಟಾ ಸಂಸ್ಥೆಗಳು ಇದರ ಒಂದು ಮಾದರಿಯನ್ನು 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಸಾಧನವು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ 'ಆಕಾಶ್' ಟ್ಯಾಬ್ಲೆಟ್ ಏಳು ಅಂಗುಲ ಪರದೆಯದು. ಅದರಲ್ಲಿದ್ದುದು ಆಂಡ್ರಾಯ್ಡ್ 2.2 ಆವೃತ್ತಿ.

ಹಳೆಯ ಟ್ಯಾಬ್ಲೆಟ್‌ಗಳ ಮರುಬಳಕೆಗೆ ಆವೃತ್ತಿಯ ಪ್ರಶ್ನೆ ಮುಖ್ಯ. ಆಂಡ್ರಾಯ್ಡ್‌ನಲ್ಲಿ ಕನ್ನಡ ಲಿಪಿಗೆ ಬೆಂಬಲ ದೊರೆತದ್ದು 2012ರ 4.1 ಆವೃತ್ತಿಯಿಂದ. ಅದಕ್ಕಿಂತ ಹಿಂದಿನ ಅನೇಕ ಸಾಧನಗಳಲ್ಲಿ ಕನ್ನಡ ಅಕ್ಷರಗಳಿರಬೇಕಾದ ಕಡೆ ಖಾಲಿ ಚೌಕಗಳು ಕಾಣಿಸುತ್ತವೆ. ಪರದೆಯನ್ನು ಒಂದೇ ತಂತ್ರಾಂಶಕ್ಕೆ ಕಟ್ಟಿಹಾಕುವ 'ಸ್ಕ್ರೀನ್ ಪಿನ್ನಿಂಗ್' ಸೌಲಭ್ಯ ಬಂದದ್ದು 2014ರ 5.0 ಆವೃತ್ತಿಯಲ್ಲಿ. ಗೋಡೆಯ ಫಲಕಕ್ಕೆ ಇದಕ್ಕಿಂತ ಸಾಕಷ್ಟು ಹೊಸದಾದ ಸಾಧನವನ್ನು ಆರಿಸುವುದೇ ಲೇಸು.

ಕಾರ್ಯವಿಧಾನ

ಟ್ಯಾಬ್ಲೆಟ್ ತಾನೇ ಯಾವ ಸಾಧನವನ್ನೂ ಚಾಲನೆ ಮಾಡುವುದಿಲ್ಲ, ಅದು ಕೇವಲ ಕಿಟಕಿ. ನಿಜವಾದ ಕೆಲಸ ಮಾಡುವುದು ಮನೆಯೊಳಗಿನ ಒಂದು ಚಿಕ್ಕ ಸರ್ವರ್. ರಾಸ್ಪ್‌ಬೆರಿ ಪೈ ಅಥವಾ ಹಳೆಯ ಗಣಕದ ಮೇಲೆ ಹೋಮ್ ಅಸಿಸ್ಟೆಂಟ್, ಓಪನ್‌ಹ್ಯಾಬ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಇದಕ್ಕಾಗಿ ಸ್ಥಾಪಿಸಲಾಗುತ್ತದೆ. ಹೋಮ್ ಅಸಿಸ್ಟೆಂಟ್ ಅನ್ನು 2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದರು. ಸ್ವಿಚ್ಚುಗಳು ಮತ್ತು ಸಂವೇದಕಗಳು ವೈಫೈ ಅಥವಾ ಜಿಗ್ಬೀ ಮೂಲಕ ಸರ್ವರ್‌ನೊಡನೆ ಮಾತನಾಡುತ್ತವೆ. ಬೇರೆ ಬೇರೆ ತಯಾರಕರ ಸಾಧನಗಳು ಪರಸ್ಪರ ಹೊಂದಿಕೊಳ್ಳಲೆಂದು 2022ರಲ್ಲಿ 'ಮ್ಯಾಟರ್' ಎಂಬ ಸಾಮಾನ್ಯ ಮಾನದಂಡವೂ ಪ್ರಕಟವಾಗಿದೆ. ಸರ್ವರ್ ಒದಗಿಸುವ ಜಾಲಪುಟವನ್ನು ಟ್ಯಾಬ್ಲೆಟ್ ಪೂರ್ಣ ಪರದೆಯಲ್ಲಿ ತೋರಿಸುತ್ತದೆ. ಫುಲ್ಲಿ ಕಿಯೋಸ್ಕ್ ಬ್ರೌಸರ್‌ನಂತಹ ತಂತ್ರಾಂಶಗಳು ಮುಂಭಾಗದ ಕ್ಯಾಮೆರಾದಿಂದ ಚಲನೆಯನ್ನು ಗುರುತಿಸಿ, ಯಾರಾದರೂ ಹತ್ತಿರ ಬಂದಾಗ ಮಾತ್ರ ಪರದೆಯನ್ನು ಬೆಳಗಿಸುತ್ತವೆ.

ಸರ್ವರ್ ಮನೆಯಲ್ಲಿಯೇ ಇದ್ದು ಸಾಧನಗಳೂ ಅದರೊಡನೆ ನೇರವಾಗಿ ಸಂಪರ್ಕಿಸುವಂತಿದ್ದರೆ ಅಂತರಜಾಲ ಕಡಿದುಹೋದರೂ ದೀಪಗಳು ಉರಿಯುತ್ತವೆ. ಎಲ್ಲವೂ ಕಂಪನಿಯ ದೂರದ ಸರ್ವರ್‌ಗೆ ಹೋಗಿ ಬರುವ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ಕೊಳ್ಳುವವರು ಬಹುಮಟ್ಟಿಗೆ ವಿಚಾರಿಸದೇ ಬಿಡುವ ಅಂಶವಿದು.

ಬ್ಯಾಟರಿಯ ಅಪಾಯ

ಸದಾ ಚಾರ್ಜರ್‌ಗೆ ಸಿಕ್ಕಿಸಿಟ್ಟ ಟ್ಯಾಬ್ಲೆಟ್‌ನ ಲಿಥಿಯಂ ಅಯಾನ್ ಬ್ಯಾಟರಿ ನೂರು ಶೇಕಡಾ ತುಂಬಿದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ಪೂರ್ಣ ಚಾರ್ಜ್ ಮತ್ತು ಶಾಖ ಎರಡೂ ಸೇರಿದಾಗ ಒಳಗಿನ ರಾಸಾಯನಿಕಗಳು ಬೇಗ ಕ್ಷಯಿಸಿ ಅನಿಲ ಉತ್ಪತ್ತಿಯಾಗುತ್ತದೆ, ಬ್ಯಾಟರಿ ಉಬ್ಬುತ್ತದೆ. ಪರದೆ ಅಂಚಿನಲ್ಲಿ ಮೇಲೇಳುವುದು, ಹಿಂಬದಿಯ ಕವಚ ಬಿರಿಯುವುದು ಇದರ ಗುರುತು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದಾಗಲಿ, ಒತ್ತಿ ಸರಿಪಡಿಸುವುದಾಗಲಿ ಕೂಡದು, ಬೆಂಕಿ ಹೊತ್ತಿಕೊಳ್ಳಬಹುದು. ಚೌಕಟ್ಟಿನೊಳಗೆ ಹುದುಗಿಸಿದ ಫಲಕದಲ್ಲಿ ಉಬ್ಬು ಹೊರಗೆ ಕಾಣದೇ ಇರುವುದು ಇನ್ನೂ ಅಪಾಯಕಾರಿ. ಒಲೆಯ ಪಕ್ಕದ ಗೋಡೆ, ಮಧ್ಯಾಹ್ನದ ಬಿಸಿಲು ಬೀಳುವ ಗೋಡೆ ಇವೆರಡೂ ಫಲಕಕ್ಕೆ ತಕ್ಕ ಸ್ಥಳಗಳಲ್ಲ.

ಪರಿಹಾರ ಸರಳ. ಟ್ಯಾಬ್ಲೆಟ್‌ನ ಚಾರ್ಜರನ್ನೇ ಒಂದು ಸ್ಮಾರ್ಟ್ ಪ್ಲಗ್‌ಗೆ ಜೋಡಿಸಿ, ಬ್ಯಾಟರಿ ಮಟ್ಟ 30 ಶೇಕಡಾಕ್ಕೆ ಇಳಿದಾಗ ಪ್ಲಗ್ ಚಾಲೂ ಆಗುವಂತೆಯೂ 80 ಶೇಕಡಾ ತಲುಪಿದಾಗ ನಿಲ್ಲುವಂತೆಯೂ ಸರ್ವರ್‌ನಲ್ಲಿ ನಿಯಮ ಬರೆಯಬಹುದು. ಫಲಕವು ತನ್ನ ಆರೋಗ್ಯವನ್ನು ತಾನೇ ನೋಡಿಕೊಂಡಂತಾಯಿತು. ಕೆಲವು ಹೊಸ ಟ್ಯಾಬ್ಲೆಟ್‌ಗಳಲ್ಲಿ ಚಾರ್ಜ್ ಮಿತಿಯ ಸೌಲಭ್ಯ ಮೊದಲೇ ಇರುತ್ತದೆ. ಆದರೂ ತಿಂಗಳಿಗೊಮ್ಮೆ ಚೌಕಟ್ಟಿನಿಂದ ತೆಗೆದು ನೋಡುವುದು ಅವಶ್ಯ.

ವಿದ್ಯುತ್ ವೆಚ್ಚದ ಭಯ ಮಾತ್ರ ಬೇಕಿಲ್ಲ. ಸರಾಸರಿ 5 ವ್ಯಾಟ್ ಬಳಸುವ ಫಲಕ ಇಡೀ ತಿಂಗಳು ಉರಿದರೂ ಖರ್ಚಾಗುವುದು 3.6 ಯೂನಿಟ್.

ಗ್ರಾಮೀಣ ಕರ್ನಾಟಕದಲ್ಲಿ

ದೂರನಿಯಂತ್ರಣ ಹಳ್ಳಿಗಳಿಗೆ ಟ್ಯಾಬ್ಲೆಟ್‌ಗಿಂತ ಮೊದಲೇ ಬಂದಿದೆ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಂತಹ (ಬೆಂಗಳೂರಿನ ಹೊಸ ತಿಪ್ಪಸಂದ್ರ ಬಡಾವಣೆ ಬೇರೆ) ಕೊಳವೆಬಾವಿ ಆಶ್ರಿತ ಪ್ರದೇಶಗಳಲ್ಲಿ ಪಂಪ್‌ಸೆಟ್‌ಗಳಿಗೆ ತ್ರಿಫೇಸ್ ವಿದ್ಯುತ್ ದೊರೆಯುವುದು ದಿನದ ಕೆಲವು ಗಂಟೆಗಳು ಮಾತ್ರ, ಅದೂ ಎಷ್ಟೋ ವೇಳೆ ರಾತ್ರಿಯಲ್ಲಿ. ಕತ್ತಲಲ್ಲಿ ಹಾವು, ಚಿರತೆಗಳ ಭಯದ ನಡುವೆ ತೋಟಕ್ಕೆ ಹೋಗುವುದನ್ನು ತಪ್ಪಿಸಿದ್ದು ಸಿಮ್ ಕಾರ್ಡ್ ಹಾಕಿದ 'ಮೊಬೈಲ್ ಸ್ಟಾರ್ಟರ್'. ರೈತ ಅದಕ್ಕೆ ಕರೆ ಮಾಡಿ ಮೋಟಾರು ಚಾಲೂ ಮಾಡುತ್ತಾನೆ.

ಮನೆಯ ಫಲಕದಲ್ಲಿಯೂ ಅತ್ಯಂತ ಉಪಯುಕ್ತ ಗುಂಡಿ ನೀರಿನದೇ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸುವ ಮೋಟಾರು, ಟ್ಯಾಂಕಿನ ಮುಚ್ಚಳದ ಕೆಳಗೆ ಕೂರಿಸಿದ ಶ್ರವಣಾತೀತ ಸಂವೇದಕ, ಪರದೆಯ ಮೇಲೆ ನೀರಿನ ಮಟ್ಟದ ಚಿತ್ರ ಇಷ್ಟಿದ್ದರೆ ನೀರು ತುಂಬಿ ಹರಿಯುವುದೂ ಸಂಪು ಬತ್ತಿದ ಮೇಲೆ ಮೋಟಾರು ಒಣಗಿ ಓಡುವುದೂ ತಪ್ಪುತ್ತವೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್, ಆದರೆ ಮೋಟಾರು ಹೊರಡುವ ಕ್ಷಣದಲ್ಲಿ ಎಳೆಯುವ ವಿದ್ಯುತ್ ಪ್ರವಾಹ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಸಾಮಾನ್ಯ ಸ್ಮಾರ್ಟ್ ಪ್ಲಗ್ ಇದನ್ನು ತಾಳದೆ ಕರಗಬಹುದು. ಪ್ಲಗ್ ಅಥವಾ ರಿಲೇಯಿಂದ ಕಾಂಟ್ಯಾಕ್ಟರ್ ಒಂದನ್ನು ಚಾಲೂ ಮಾಡಿಸಿ, ಮೋಟಾರಿನ ಹೊರೆಯನ್ನು ಅದರ ಮೇಲೆ ಬಿಡಬೇಕು. ಈ ಜೋಡಣೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನ ಕೆಲಸ.

ವಿದ್ಯುತ್ ಹೋದಾಗ ಬ್ಯಾಟರಿ ಇರುವ ಕಾರಣ ಟ್ಯಾಬ್ಲೆಟ್ ಉರಿಯುತ್ತಲೇ ಇರುತ್ತದೆ. ಆರಿಹೋಗುವುದು ರೂಟರ್ ಮತ್ತು ಸರ್ವರ್. ಇವೆರಡನ್ನೂ ಯುಪಿಎಸ್‌ಗೆ ಸೇರಿಸದಿದ್ದರೆ ಫಲಕ ಬರಿಯ ಚಿತ್ರವಾಗಿ ಉಳಿಯುತ್ತದೆ. ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ವೈಫೈ ಸಂಕೇತ ಕುಗ್ಗುವುದೂ ಉಂಟು. ಇಂತಹ ಕಾರಣಗಳಿಂದ ಗೋಡೆಯ ಮಾಮೂಲು ಸ್ವಿಚ್ಚುಗಳನ್ನು ಕಿತ್ತುಹಾಕಬಾರದು.

ಭಾಷೆ ಮತ್ತು ವೃದ್ಧರು

ಗುಂಡಿಗಳಿಗೆ ಹೆಸರಿಡುವುದು ಬಳಕೆದಾರರ ಕೈಯಲ್ಲಿಯೇ ಇರುವುದರಿಂದ 'ನಡುಮನೆ ದೀಪ', 'ಹಿತ್ತಲ ದೀಪ', 'ಮೋಟಾರು' ಎಂದು ಕನ್ನಡದಲ್ಲಿಯೇ ಬರೆಯಬಹುದು. ಅಗ್ಗದ ಪರದೆಗಳಲ್ಲಿ ಚಿಕ್ಕ ಅಕ್ಷರಗಳ ಒತ್ತುಗಳು ಒಂದರೊಳಗೊಂದು ಕಲಸಿಹೋಗುವುದರಿಂದ ಅಕ್ಷರದ ಗಾತ್ರ ದೊಡ್ಡದಿರಬೇಕು. ಒಂದು ಪರದೆಯಲ್ಲಿ ಆರೆಂಟು ಗುಂಡಿಗಳು ಸಾಕು. ಮನೆಯ ಹಿರಿಯರು ಮುಟ್ಟಲು ಹೆದರುವ ಫಲಕವನ್ನು ಉಪಯುಕ್ತವೆನ್ನಲಾಗದು. ಮಂಡಿನೋವಿನಿಂದ ಹೊರಗೆ ಹೋಗಲಾಗದವರು ಕುಳಿತಲ್ಲಿಂದಲೇ ಹಿತ್ತಲ ದೀಪ ಹಾಕುವಂತಿದ್ದರೆ ಸಾರ್ಥಕ.

ಗೌಪ್ಯತೆ

ಹಳೆಯ ಟ್ಯಾಬ್ಲೆಟ್‌ಗಳಿಗೆ ತಯಾರಕರು ಭದ್ರತಾ ಪರಿಷ್ಕರಣೆಗಳನ್ನು ನಿಲ್ಲಿಸಿರುತ್ತಾರೆ. ಅವುಗಳನ್ನು ಮನೆಯ ಜಾಲದೊಳಗೆ ಮಾತ್ರ ಇರಿಸಿ, ಹೊರ ಅಂತರಜಾಲದ ಸಂಪರ್ಕವನ್ನು ರೂಟರ್‌ನಲ್ಲಿ ತಡೆಯುವುದು ರೂಢಿ. ಫಲಕದಲ್ಲಿ ಬ್ಯಾಂಕಿನ ತಂತ್ರಾಂಶ, ಮಿಂಚಂಚೆ ಯಾವುದೂ ಇರಬಾರದು. ಮಲಗುವ ಕೋಣೆಯಲ್ಲಿದ್ದರೆ ಕ್ಯಾಮೆರಾ ಮುಚ್ಚಬೇಕು. ಬೀಗ ತೆರೆಯುವ ಗುಂಡಿಗೆ ಪ್ರತ್ಯೇಕ ಗುಪ್ತಸಂಖ್ಯೆ ಬೇಕು.

ವಿಲೇವಾರಿ

ಕೆಟ್ಟ ಟ್ಯಾಬ್ಲೆಟ್ ಮತ್ತು ಉಬ್ಬಿದ ಬ್ಯಾಟರಿಯನ್ನು ಮನೆಯ ಕಸದೊಡನೆ ಹಾಕುವಂತಿಲ್ಲ. ಇವು 2022ರ ಇ-ತ್ಯಾಜ್ಯ ಹಾಗೂ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಬರುತ್ತವೆ, ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಮಾಗಡಿಯ ನೆರೆಯ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿ.